ದಿಬ್ಬದಮ್ಮನ ಬಾಣಂತನ

ಮಯೂರ್ ವಿಹಾರ್, ದೆಹಲಿ
9 ನವೆಂಬರ್ 2025

ಲೀಲಮ್ಮ ಅತ್ತಿಗೆಗೆ ನಿಮ್ಮ ನಾದಿನಿ ವಿಮಲಾಳ ನಮಸ್ಕಾರ.

ಫೋನಿನಲ್ಲಿ ನಿಮಗೆ ನನ್ನ ಮಾತು ಕೇಳುವುದಿಲ್ಲ. ನಾನು ಕೂಗಿದರೆ ಪಕ್ಕದ ಫ್ಲ್ಯಾಟಿನವರು ಗೋಡೆ ಬಡಿಯುತ್ತಾರೆ. ಕಿವಿಗೆ ಯಂತ್ರ ಹಾಕಿಸಿಕೊಳ್ಳಿ ಎಂದರೆ ನೀವು ಒಪ್ಪುವವರಲ್ಲ. ಹಾಗಾಗಿ ಕಾಗದವೇ ಗತಿ.

ಸುದ್ದಿ ಒಳ್ಳೆಯದೇ. ನಮ್ಮ ಸೊಸೈಟಿಯ ಇನ್ನೊಂದು ಬ್ಲಾಕಿನಲ್ಲಿ ರಘುನಂದನ್ ಎಂಬವರಿದ್ದಾರೆ, ಹಾಸನದ ಕಡೆಯವರು, ದೊಡ್ಡ ಹುದ್ದೆ. ನಮ್ಮ ಅಳಿವೆಯನ್ನು ಸಂರಕ್ಷಿತ ಪ್ರದೇಶ ಮಾಡುತ್ತಾರೆಂದು ಊರಿನಲ್ಲಿ ಮಾತಿದೆಯಲ್ಲ, ಅದರ ನಕಾಶೆ ಮಾಡುವ ಸಮಿತಿಯಲ್ಲಿ ಅವರೂ ಇದ್ದಾರೆ. ನಮ್ಮ ಮನೆಯವರ ಗುಮಾಸ್ತೆ ಕೆಲಸಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ಮೆಟ್ರೋದಲ್ಲಿ ಅಕ್ಕಪಕ್ಕ ನಿಂತಾಗ ಇವರು, ನನ್ನ ಹೆಂಡತಿ ಅಲ್ಲಿಯವಳೇ ಎಂದು ಹೇಳಿದ್ದಾರೆ. ನಿನ್ನೆ ಅವರು ನಕಾಶೆ ಸುತ್ತಿಕೊಂಡು ಕಾಫಿಗೇ ಬಂದುಬಿಟ್ಟರು.

ಊಟದ ಮೇಜಿನ ಮೇಲೆ ನಕಾಶೆ ಹಾಸಿ, ಒಂದು ಮೂಲೆಗೆ ಲೋಟ, ಇನ್ನೊಂದಕ್ಕೆ ಉಪ್ಪಿನಕಾಯಿ ಜಾಡಿ ಇಟ್ಟರು. ಅತ್ತಿಗೆ, ನಮ್ಮ ಮೂಡಲಕೋಡಿಯನ್ನು ನಾನು ಮೇಲಿನಿಂದ ನೋಡಿದವಳಲ್ಲ. ಆದರೂ ಗುರುತು ಸಿಕ್ಕಿತು. ನದಿ ಬಳುಕಿ ಕಡಲು ಸೇರುವ ಕಡೆ, ಉಪ್ಪುನೀರಲ್ಲಿ ಬೇರೂರಿದ ಕಾಂಡ್ಲ ಗಿಡಗಳ ಹಸಿರಿನ ಮುಂದೆ, ಉಗುರಿನಷ್ಟು ಬಿಳಿ. ನಮ್ಮ ದಿಬ್ಬ. ಅದರ ಮೇಲೆ ಬೆರಳಿಟ್ಟೆ. ಇಲ್ಲೇನಿದೆ ಎಂದು ಅವರು ಕೇಳಿದರು. ಅದು ದಿಬ್ಬದಮ್ಮನ ಜಾಗ, ಯಾರೂ ಕಾಲಿಡುವುದಿಲ್ಲ ಎಂದೆ. ಯಾರೂ? ಎಂದರು. ಯಾರೂ ಇಲ್ಲ ಎಂದೆ. ಬರೆದುಕೊಂಡರು.

ಬಾಣಂತನದ ವಿಷಯ ಗಂಡಸರೆದುರು ಹೇಗೆ ಆಡುವುದು? ಅದಕ್ಕೇ ಅಷ್ಟಕ್ಕೆ ನಿಲ್ಲಿಸಿದೆ. ಅಮ್ಮನ ಜಾಗ ಎಂದರೆ ಸಾಕಲ್ಲ.

ಅವರು ಹೋದ ಮೇಲೆ ಸೋದರತ್ತೆಯ ನೆನಪು ಬಿಡಲಿಲ್ಲ. ಶಿವರಾತ್ರಿಯ ಅಮಾವಾಸ್ಯೆಗೆ ಅಮ್ಮ ಹೆರುತ್ತಾಳೆ. ಯುಗಾದಿಯವರೆಗೆ ಅವಳು ಬಾಣಂತಿ, ದಿಬ್ಬದ ಕೆಸರಲ್ಲಿ ಹುದುಗಿದ ಬಳಚಿನ ಚಿಪ್ಪೆಲ್ಲ ಅವಳ ಮಕ್ಕಳು, ಒಂದನ್ನೂ ಎತ್ತಬಾರದು. ಯುಗಾದಿಯ ಮರುದಿನ ಇಳಿತದ ಹೊತ್ತಿಗೆ ಸೋದರತ್ತೆ ಅರಿಶಿನದ ಬಿಸಿನೀರು ಹಿಡಿದು ಮೊದಲ ಕಾಲಿಡುವಳು, ಹಿಂದೆ ಊರ ಹೆಂಗಸರೆಲ್ಲ ಬುಟ್ಟಿ ಹಿಡಿದು ಇಳಿಯುವರು. ಅವಳು ಕಾಲು ತೊಳೆಯದೆ ಮನೆಗೆ ಬಂದು ಹೊಸಿಲ ಮೇಲೆ ಕೆಸರಿನ ಹೆಜ್ಜೆ ಇಡುವಳು. ದೀಪ ಹಚ್ಚುವವರೆಗೆ ಅದನ್ನು ಯಾರೂ ಒರೆಸುವಂತಿಲ್ಲ. ಅವಳ ನಂತರ ಮನೆಯ ಮಗಳು ನಾನು. ಸೊಸೆಗೆ ಆ ಹಕ್ಕು ಬರುವುದಿಲ್ಲವೆಂದು ನೀವು ವರ್ಷವರ್ಷ ನಾನು ಕಳಿಸುವ ಸೀರೆಯನ್ನು ಕೋಲಿಗೆ ಉಡಿಸಿ ಮೊದಲು ಅದನ್ನು ಊರಿ, ನನ್ನ ಹೆಸರಿನಲ್ಲಿ ಎಲ್ಲ ನಡೆಸಿಕೊಂಡು ಬರುತ್ತಿದ್ದೀರಿ. ಆ ಋಣ ಹೇಗೆ ತೀರಿಸಲಿ?

ಇಲ್ಲಿ ಹೊಗೆ. ಬೆಳಿಗ್ಗೆ ಸೇತುವೆ ಮೇಲೆ ಹೋದರೆ ಯಮುನೆಯಲ್ಲಿ ನೊರೆ ತೇಲುತ್ತಿರುತ್ತದೆ, ದೂರದಿಂದ ನಮ್ಮ ಅಲೆಯ ನೊರೆಯಂತೆಯೇ. ಹತ್ತಿರ ಹೋದರೆ ಮೂಗು ಮುಚ್ಚಬೇಕು.

ನಿಮ್ಮ ವಿಮಲಾ

*

ಮೂಡಲಕೋಡಿ
27 ನವೆಂಬರ್ 2025

ವಿಮಲಾ ತಂಗೀ,

ನಿನ್ನ ಕಾಗದ ಓದಿ ಶಾಂತಮ್ಮನಿಗೂ ಓದಿ ಹೇಳಿದೆ. ದೆಹಲಿಯಲ್ಲಿ ನಮ್ಮವಳೊಬ್ಬಳಿದ್ದಾಳೆ ಎಂದು ಅವಳು ಬಳಚು ಮಾರುವ ಕಟ್ಟೆಯಲ್ಲಿ ಎಲ್ಲರಿಗೂ ಸಾರಿದಳು. ಬೇಗ ಬರಲಿ ಮಾರಾಯ್ತಿ, ನಿನ್ನ ರಘುನಂದನರ ಕಾಯಿದೆ. ಮರಳು ತೆಗೆಯುವ ಬೋಟುಗಳು ಈಗ ಹಗಲಲ್ಲೇ ಬರುತ್ತವೆ. ಪಂಪು ಇಟ್ಟು ಹೀರಿದರೆ ಮರಳೂ ಬಂತು, ಮರಿಬಳಚೂ ಬಂತು. ನನಗೆ ಸದ್ದು ಕೇಳುವುದಿಲ್ಲ, ಆದರೆ ಜಗಲಿಯಲ್ಲಿ ಕೂತರೆ ಪೃಷ್ಠಕ್ಕೆ ನಡುಕ ಬರುತ್ತದೆ.

ದಿಬ್ಬದಮ್ಮನ ಕೆಲಸವೆಲ್ಲ ಎಂದಿನಂತೆಯೇ. ಋಣಗಿಣ ಎಂದೆಲ್ಲ ಬರೆಯಬೇಡ. ಈ ಸಲ ಸೀರೆಗೆ ಹೊಸದಾಗಿ ಖರ್ಚು ಮಾಡಬೇಡ, ಕಳಿಸದಿದ್ದರೂ ನಡೆಯುತ್ತದೆ.

ಮಗಳು ಸ್ಫೂರ್ತಿ ಹೇಗಿದ್ದಾಳೆ? ಕನ್ನಡ ಆಡುತ್ತಾಳೋ, ಅಚ್ಛಾ ಅಚ್ಛಾ ಎನ್ನುವುದೇ ಆಯಿತೋ?

ಲೀಲಮ್ಮ

*

ಮಯೂರ್ ವಿಹಾರ್
14 ಡಿಸೆಂಬರ್ 2025

ಅತ್ತಿಗೆ,

ಸೀರೆ ಕಳಿಸದಿದ್ದರೂ ನಡೆಯುತ್ತದೆ ಎಂದು ಬರೆದಿದ್ದೀರಿ. ನನ್ನ ಖರ್ಚಿನ ಚಿಂತೆ ನಿಮಗೆ. ಕಳಿಸುತ್ತೇನೆ, ಅದೊಂದಾದರೂ ನನ್ನ ಕೈಲಿರಲಿ.

ಸ್ಫೂರ್ತಿ ಮಾನೇಸರದ ಆಫೀಸಿನ ಹತ್ತಿರವೇ ಗೆಳತಿಯರ ಜೊತೆ ಮನೆ ಮಾಡಿದ್ದಾಳೆ. ಭಾನುವಾರ ಭಾನುವಾರ ಬರುತ್ತಾಳೆ. ಮೊನ್ನೆ ಬಂದಾಗ ನಿಮ್ಮನ್ನು ಕೇಳಿದಳು. ಅಕ್ಕಿ ರೊಟ್ಟಿ ಮಾಡಿಸಿಕೊಂಡು ತಿಂದಳು.

ಗುರುವಾಯೂರಪ್ಪನ ಗುಡಿಯಲ್ಲಿ ರಘುನಂದನ್ ಸಿಕ್ಕಿದ್ದರು. ನಿಮ್ಮ ಮಾತು ಬಹಳ ಉಪಯೋಗವಾಯಿತಮ್ಮಾ, ಸಮಿತಿಯವರೆಲ್ಲ ಒಪ್ಪಿದರು ಎಂದರು. ನಾನು ಎರಡು ಪ್ರದಕ್ಷಿಣೆ ಹೆಚ್ಚೇ ಹಾಕಿದೆ. ಈ ಊರಿಗೆ ಬಂದಾಗಿನಿಂದ ನನ್ನ ಮಾತನ್ನು ಯಾರೂ ಬರೆದುಕೊಂಡಿದ್ದಿಲ್ಲ. ತರಕಾರಿ ಭಯ್ಯಾನೂ ನಾನು ಎರಡು ಸಲ ಹೇಳಿದರೇ ತೂಗುವುದು.

ಚಳಿ ಶುರುವಾಗಿದೆ. ಇವರು ಆಫೀಸಿಗೆ ಹೋದ ಮೇಲೆ ಟೀವಿ ಹಾಕಿಡುತ್ತೇನೆ, ನೋಡುವುದಕ್ಕಲ್ಲ, ಸದ್ದಿಗೆ. ಮುಂದಿನ ಕಾಗದದಲ್ಲಿ ದಿಬ್ಬದ ಒಂದು ಬಳಚಿನ ಚಿಪ್ಪು ಇಟ್ಟು ಕಳಿಸಿ. ದೇವರ ಗೂಡಿನಲ್ಲಿ ಇಡುತ್ತೇನೆ.

ವಿಮಲಾ

*

ಮೂಡಲಕೋಡಿ
11 ಜನವರಿ 2026

ವಿಮಲಾ ಅವರಿಗೆ,

ನಿನ್ನೆ ಶಾಲೆಯ ಅಂಗಳದಲ್ಲಿ ಸಭೆ ಆಯಿತು. ಜಿಲ್ಲೆಯಿಂದ ಬಂದವರು ದೊಡ್ಡ ನಕಾಶೆ ತೂಗುಹಾಕಿ ವಿವರಿಸಿದರು. ಬೋಟುಗಳಿಗೆ ನಿಷೇಧ ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ಆಮೇಲೆ ದಿಬ್ಬ ತೋರಿಸಿದರು. ಅದಕ್ಕೆ ಕೆಂಪು ಬಳಿದಿದ್ದಾರೆ. ವರ್ಷವಿಡೀ ಯಾರೂ ಕಾಲಿಡುವಂತಿಲ್ಲ. ಬುಟ್ಟಿ ಹಿಡಿದು ಇಳಿದರೆ ಕೇಸು.

ಶಾಂತಮ್ಮ ಎದ್ದು, ನಾವು ಬಳಚು ಆರಿಸುವುದೇ ಅಲ್ಲಿ, ಅದಿಲ್ಲದಿದ್ದರೆ ನಮ್ಮ ಒಲೆ ಉರಿಯುವುದು ಹೇಗೆ ಎಂದಳು. ಅವರು ಕಾಗದ ತಿರುವಿ ಹೇಳಿದರು. ನನಗೆ ಕೇಳಲಿಲ್ಲ, ಶಾಂತಮ್ಮ ನನ್ನ ಕಡೆ ತಿರುಗಿ ಬಾಯಿ ಅಗಲಿಸಿ ಹೇಳಿದಳು: "ದಿಬ್ಬಕ್ಕೆ ಊರವರೇ ಯಾರೂ ಕಾಲಿಡುವುದಿಲ್ಲವಂತೆ. ಈ ಊರಿನ ಮಗಳೇ ದೆಹಲಿಯಲ್ಲಿ ಹಾಗೆ ಹೇಳಿದ್ದಾಳಂತೆ."

ಎಲ್ಲರೂ ನನ್ನನ್ನೇ ನೋಡಿದರು. ಕಿವುಡಿಯಾಗಿರುವುದರಲ್ಲಿ ಒಂದು ಸುಖವಿದೆ, ಆಮೇಲಿನ ಮಾತು ಕೇಳಲಿಲ್ಲ.

ಚಿಪ್ಪು ಕಳಿಸಲು ಆಗಲಿಲ್ಲ.

ಲೀಲಮ್ಮ

*

ಮಯೂರ್ ವಿಹಾರ್
20 ಜನವರಿ 2026

ಅತ್ತಿಗೆ,

ನೀವು ನನ್ನನ್ನು ಅವರು ಇವರು ಎಂದು ಬರೆದದ್ದು ಇದೇ ಮೊದಲು.

ನಾನು ಹೇಳಿದ್ದು ಸುಳ್ಳಲ್ಲ, ಅರ್ಧ. ಯಾರೂ ಕಾಲಿಡುವುದಿಲ್ಲ ಎಂದದ್ದು ಬಾಣಂತನದ ತಿಂಗಳ ಮಾತು. ಆದರೆ ಬಾಣಂತನ ಎಂದು ಬಾಯಿಬಿಟ್ಟಿರಲಿಲ್ಲವಲ್ಲ, ತಿಂಗಳು ಎಲ್ಲಿಂದ ಬರಬೇಕು? ನಮ್ಮ ಊರಿನ ಮಗುವಿಗೂ ಗೊತ್ತಿರುವುದು ಅವರಿಗೂ ಗೊತ್ತಿರುತ್ತದೆ ಎಂದುಕೊಂಡೆ. ಸೋದರತ್ತೆ ಅಪ್ಪನೆದುರು ಆ ಮಾತು ಎತ್ತುತ್ತಿರಲಿಲ್ಲ, ಅಮ್ಮ ಮಲಗಿದ್ದಾಳೆ ಎನ್ನುತ್ತಿದ್ದಳು. ಆ ಮರ್ಯಾದೆಯಲ್ಲೇ ಬೆಳೆದ ನಾಲಿಗೆ ನನ್ನದು.

ರಘುನಂದನರ ಮನೆಗೆ ಹೋಗಿದ್ದೆ. ಊರಿಗೆ ಹೋಗಿದ್ದಾರಂತೆ, ಬೀಗ. ಬಂದ ಕೂಡಲೇ ಆಫೀಸಿಗೇ ಹೋಗುತ್ತೇನೆ. ಮಂಜು ಎಷ್ಟು ಕವಿದಿದೆ ಎಂದರೆ ಎದುರಿನ ಬ್ಲಾಕು ಕಾಣುವುದಿಲ್ಲ.

ಒಂದು ಸಾಲಾದರೂ ಬರೆಯಿರಿ.

ವಿಮಲಾ

*

ಮಯೂರ್ ವಿಹಾರ್
4 ಫೆಬ್ರವರಿ 2026

ಅತ್ತಿಗೆ,

ನಿಮ್ಮ ಸಾಲು ಬರಲಿಲ್ಲ. ಆದರೂ ಬರೆಯುತ್ತೇನೆ.

ನಿನ್ನೆ ಹೋದೆ. ಇವರು ರಜೆ ಹಾಕುತ್ತೇನೆ ಎಂದರು, ಬೇಡವೆಂದೆ. ಕಂದು ಬಣ್ಣದ ಇಳಕಲ್ ಸೀರೆ ಉಟ್ಟು, ದೇವರಿಗೆ ದೀಪ ಹಚ್ಚಿ, ಒಬ್ಬಳೇ ಮೆಟ್ರೋ ಹತ್ತಿದೆ. ಬಾಗಿಲಲ್ಲಿ ಸಿಪಾಯಿ, ಕಿಸ್ ಸೇ ಮಿಲ್ನಾ ಹೈ ಆಂಟೀಜಿ ಎಂದು ತಡೆದ. ರಘುನಂದನರ ಹೆಸರು ಹೇಳಿದೆ. ಪಾಸು ಬರೆಯುವವರೆಗೆ ಬೆಂಚಿನ ಮೇಲೆ ಕೂರಿಸಿದರು.

ಒಳಗೆ ರಘುನಂದನ್, ಜೊತೆಗೆ ಮತ್ತೆ ಮೂವರು ಗಂಡಸರು. ನಕಾಶೆ ಅಲ್ಲೂ ಇತ್ತು. ಅದನ್ನೇ ನೋಡುತ್ತ ಹೇಳಿದೆ. ಅಮ್ಮ ಹೆರುವುದು, ಮಲಗುವುದು, ಮೈನೆರೆದ ಹೆಣ್ಣುಮಕ್ಕಳಷ್ಟೇ ಅರಿಶಿನದ ನೀರು ಕಾಯಿಸುವುದು, ಆಮೇಲೆ ದಿಬ್ಬ ಹೆಂಗಸರದ್ದಾಗುವುದು, ಎಲ್ಲ. ಕಿವಿ ಸುಡುತ್ತಿತ್ತು. ರಘುನಂದನ್ ಅದನ್ನು ಹಿಂದಿಯಲ್ಲಿ ಅವರಿಗೆ ಹೇಳುತ್ತ ಹೋದರು. ಒಬ್ಬ ನಕ್ಕ, ಇನ್ನೊಬ್ಬರು ಅವನನ್ನು ಸುಮ್ಮನಾಗಿಸಿದರು.

"ಇದನ್ನು ಆವತ್ತೇ ಹೇಳಬಹುದಿತ್ತಲ್ಲಮ್ಮಾ" ಎಂದರು ರಘುನಂದನ್.

"ಆವತ್ತು ನೀವು ಗಂಡಸರು ಕೂತಿದ್ದಿರಿ."

"ಇವತ್ತೂ ಗಂಡಸರೇ ಕೂತಿದ್ದೇವೆ."

"ಇವತ್ತು ನನ್ನ ಊರವರ ಬುಟ್ಟಿ ಕಣ್ಣಮುಂದಿದೆ ಸಾರ್. ಬಾಣಂತನ ಎಂದಮೇಲೆ ಮುಗಿಯಬೇಕು. ಮುಗಿಯದ ಬಾಣಂತನ ಯಾರ ಮನೆಯಲ್ಲಿದೆ?"

ಅವರು ಪೆನ್ನು ಎತ್ತಿಕೊಂಡರು. ಒಮ್ಮೆ ಒಂದು, ಇನ್ನೊಮ್ಮೆ ಇನ್ನೊಂದು ಹೇಳಿದರೆ ಸಮಿತಿ ಯಾವುದನ್ನು ನಂಬಬೇಕು ಎಂದರು. ಕೊನೆಗೆ, ಶಿವರಾತ್ರಿಯಿಂದ ಯುಗಾದಿಯವರೆಗೆ ಆಳು ಕಳಿಸಿ ನೋಡಿಸುತ್ತೇವೆ, ತೆರೆಯುವ ದಿನ ನಾನೇ ಬರುತ್ತೇನೆ ಎಂದರು. ಆ ತಿಂಗಳು ದಿಬ್ಬ ನಿಜವಾಗಿ ಖಾಲಿ ಇದ್ದು, ನಾನು ಹೇಳಿದಂತೆಯೇ ತೆರೆದರೆ, ಉಳಿದ ಕಾಲ ಹೆಂಗಸರು ಇಳಿಯಬಹುದೆಂದು ಬರೆಯುತ್ತಾರೆ. ಆ ತಿಂಗಳಲ್ಲಿ ಒಬ್ಬರು ಇಳಿದದ್ದು ಕಂಡರೂ ಕೆಂಪು ಹಾಗೇ ಉಳಿಯುತ್ತದೆ.

ನಮ್ಮವರು ಅಮ್ಮನ ಬಾಣಂತನ ಎಂದಾದರೂ ಮುರಿದದ್ದುಂಟೇ? ಇನ್ನು ಭಯವಿಲ್ಲ ಅತ್ತಿಗೆ. ಈ ಸಲ ಸೀರೆ ಬೇಡ, ನಾನೇ ಬರುತ್ತೇನೆ. ರೈಲಿನ ಟಿಕೆಟ್ ಆಗಿದೆ. ಯುಗಾದಿಗೆ ಮುಂಚೆಯೇ ನಿಮ್ಮ ಜಗಲಿಯಲ್ಲಿರುತ್ತೇನೆ. ಸ್ಫೂರ್ತಿಯನ್ನೂ ಕರೆದಿದ್ದೇನೆ, ನನ್ನ ನಂತರ ಅವಳೇ ತಾನೆ.

ವಿಮಲಾ

*

ಮೂಡಲಕೋಡಿ
13 ಫೆಬ್ರವರಿ 2026

ವಿಮಲಾ,

ಇದನ್ನು ಬರೆಯಲು ಎರಡು ಸಲ ಕೂತು ಎದ್ದೆ.

ನೀನು ಕಳಿಸಿದ ಸೀರೆಗಳಲ್ಲಿ ಈಚಿನ ನಾಲ್ಕು ನನ್ನ ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಿಕೊಂಡು ಮಡಿಕೆ ಬಿಚ್ಚದೆ ಕೂತಿವೆ. ಬೋಟುಗಳು ಬಂದ ವರ್ಷದಿಂದ ದಿಬ್ಬವನ್ನು ಯಾರೂ ಮುಚ್ಚಿಲ್ಲ. ಮುಚ್ಚದ ಮೇಲೆ ತೆರೆಯುವುದೇನು? ಅಮ್ಮ ಮಲಗಿದ್ದಾಳೆ ಎಂದು ನಾವು ದಡದಲ್ಲಿ ಕೈಕಟ್ಟಿ ಕೂತರೆ ಬೋಟಿನವರು ಪಂಪು ಹಚ್ಚಿ ಬಾಚುತ್ತಿದ್ದರು. ಅವರಿಗೆ ಬಿಡುವುದಕ್ಕಿಂತ ನಾವೇ ಆರಿಸುವುದು ಮೇಲು ಎಂದು ಶಾಂತಮ್ಮ ಬುಟ್ಟಿ ಹಿಡಿದು ಇಳಿದಳು. ಅವಳ ಹಿಂದೆ ಎಲ್ಲರೂ. ನಾನೂ.

ನಿನಗೆ ಹೇಳಲಿಲ್ಲ. ಅಷ್ಟು ದೂರದಲ್ಲಿ ನೀನು ಅದೊಂದನ್ನೇ ಹಿಡಿದುಕೊಂಡು ಕೂತಿರುವೆ ಎಂದು ಗೊತ್ತಿತ್ತು.

ನೀನು ಹೇಳಿದ್ದನ್ನೆಲ್ಲ ಮೊನ್ನೆ ಶಾಂತಮ್ಮನಿಗೆ ಹೇಳಿದೆ. ಅವಳು ಉರಿದುಬಿದ್ದಳು. ಆಮೇಲೆ ಹೆಂಗಸರನ್ನೆಲ್ಲ ಕಟ್ಟೆಗೆ ಕರೆದಳು. ನಾಡಿದ್ದು ಶಿವರಾತ್ರಿ. ಅಮಾವಾಸ್ಯೆಯಿಂದ ಯಾರೂ ಇಳಿಯಕೂಡದು ಎಂದು ತೀರ್ಮಾನ ಆಗಿದೆ. ಆ ತಿಂಗಳು ಒಲೆಗೆ ಏನು ಎಂದು ಕೇಳಿದವರಿಗೆ, ಗಂಜಿ ಕುಡಿಯಿರಿ ಎಂದಳು. ಬೋಟು ಬಂದರೆ ದೋಣಿ ಅಡ್ಡ ಹಾಕುವುದಂತೆ.

ಇನ್ನೊಂದು ಮಾತು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ: "ದೆಹಲಿಯಲ್ಲಿ ಕೂತು ಬಾಗಿಲು ಹಾಕಿದವಳು ಇಲ್ಲಿ ಬಂದು ತೆರೆಯುವುದು ಬೇಡ. ಅವಳ ಸೀರೆ ಬರಲಿ. ಸೀರೆ ಮಾತಾಡುವುದಿಲ್ಲ."

ನಾನು ವಾದ ಮಾಡಿದೆ. ನೀನು ಬಂದರೆ ತಾವು ಬರುವುದಿಲ್ಲ ಎಂದು ಉಳಿದವರೂ ಅಂದರು. ಹೆಂಗಸರೇ ಇಳಿಯದಿದ್ದರೆ ನಿನ್ನ ಸಾಹೇಬರು ನೋಡುವುದೇನನ್ನು?

ಬರಬೇಡ ತಂಗೀ. ಸೀರೆ ಕಳಿಸು.

ಲೀಲಮ್ಮ

*

ಮಯೂರ್ ವಿಹಾರ್
22 ಫೆಬ್ರವರಿ 2026

ಅತ್ತಿಗೆ,

ಟಿಕೆಟ್ ರದ್ದು ಮಾಡಿಸಿದೆ.

ಈ ಪಾರ್ಸಲ್ಲಿನಲ್ಲಿರುವುದು ಆಫೀಸಿಗೆ ಉಟ್ಟು ಹೋದ ಸೀರೆ. ಒಗೆದಿಲ್ಲ. ಮಡಿಯಲ್ಲವೆಂದು ಹಿಂದೆ ಸರಿಸಬೇಡಿ. ಆ ನಾಲ್ವರ ಎದುರು ನಿಂತದ್ದು ಅದು. ಅದಕ್ಕಿಂತ ದೊಡ್ಡ ವ್ರತ ನಾನು ಮಾಡಿಲ್ಲ.

ಪೆಟ್ಟಿಗೆಯ ಸೀರೆಗಳ ವಿಷಯ ಓದಿ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸ್ಫೂರ್ತಿ ಭಾನುವಾರ ಭಾನುವಾರ ಬರುತ್ತಾಳೆ ಎಂದು ನಾನು ಬರೆದಿದ್ದೆ. ದಸರಾ ಆದಮೇಲೆ ಅವಳು ಈ ಮನೆಯ ಮೆಟ್ಟಿಲು ಹತ್ತಿಲ್ಲ. ಜಗಳವೇನಿಲ್ಲ. ಫೋನು ಮಾಡುತ್ತಾಳೆ, ಚಲೋ ಮಮ್ಮಿ, ಮೀಟಿಂಗ್ ಇದೆ ಎನ್ನುತ್ತಾಳೆ. ಅಕ್ಕಿ ರೊಟ್ಟಿ ಮಾಡಿದ್ದು ನಿಜ. ನಾನೇ ತಿಂದೆ.

ಯುಗಾದಿಯ ಮರುದಿನ ಇಳಿತ ಎಷ್ಟು ಹೊತ್ತಿಗೆ ಎಂದು ಮಾತ್ರ ತಿಳಿಸಿ.

ವಿಮಲಾ

*

ಮೂಡಲಕೋಡಿ
21 ಮಾರ್ಚ್ 2026

ವಿಮಲಾ ತಂಗೀ,

ಇಳಿತದ ಹೊತ್ತು ತಿಳಿಸಲು ಆಗಲಿಲ್ಲ, ಇಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ನಿನ್ನೆ ದಿಬ್ಬ ತೆರೆಯಿತು.

ತಿಂಗಳು ಪೂರ್ತಿ ಒಬ್ಬಳೂ ಇಳಿಯಲಿಲ್ಲ. ಭಕ್ತಿಗೆ ಎಂದು ನಾನು ಸುಳ್ಳು ಬರೆಯುವುದಿಲ್ಲ. ಅರ್ಧದಷ್ಟು ಜನ ನಿನ್ನ ಮೇಲಿನ ಸಿಟ್ಟಿಗೇ ವ್ರತ ಹಿಡಿದರು. ಮುಚ್ಚುವುದು ಹೇಗೆಂದು ದೆಹಲಿಯವರಿಗೆ ನಾವು ತೋರಿಸುತ್ತೇವೆ ಎಂದು ಗಂಜಿ ಕುಡಿದರು. ಬೋಟು ಬಂದಾಗ ಶಾಂತಮ್ಮ ದೋಣಿ ಅಡ್ಡ ಹಾಕಿ, ಒಳಗೆ ಬಾಣಂತಿ ಮಲಗಿದ್ದಾಳೆ, ನಿಮಗೆ ಅಕ್ಕತಂಗಿಯರಿಲ್ಲವೇನೋ ಎಂದು ಬೈದಳಂತೆ. ಹುಡುಗರು ಪಂಪು ನಿಲ್ಲಿಸಿ ಹಿಂದೆ ಹೋದರು. ಸಾಹೇಬರು ಕಳಿಸಿದ ಆಳುಗಳು ಅದನ್ನೂ ನೋಡಿದರು.

ನಿನ್ನ ರಘುನಂದನ್ ಪ್ಯಾಂಟು ಮಡಚಿಕೊಂಡು ಬಂದು ಮೊಣಕಾಲವರೆಗೆ ಕೆಸರಲ್ಲಿ ಹೂತರು. ಎಳೆದು ತೆಗೆದದ್ದು ಹೆಂಗಸರೇ. ನಕ್ಕು ನಕ್ಕು ಸಾಕಾಯಿತು. ನೀರು ಇಳಿದ ಮೇಲೆ ಕೋಲಿಗೆ ನಿನ್ನ ಸೀರೆ ಉಡಿಸಿದೆ. ಸೆರಗು ಗಾಳಿಗೆ ನನ್ನ ಮುಖಕ್ಕೇ ಬಡಿಯಿತು, ಮೆಟ್ರೋದ್ದೋ ಏನೋ, ಕಬ್ಬಿಣದ ವಾಸನೆ. ಮೊದಲು ಅದನ್ನು ಊರಿದೆ. ಆ ಮನೆಯ ಮಗಳೆಲ್ಲಿ ಎಂದು ಸಾಹೇಬರು ಕೇಳಿದರಂತೆ. ನನಗೆ ಕೇಳಲಿಲ್ಲ. ಶಾಂತಮ್ಮ ಕೈಚಾಚಿ ಸೀರೆ ತೋರಿಸಿದ್ದು ಕಂಡಿತು. ತುಟಿ ಓದಿದೆ: "ಇಗೋ, ಬಂದಿದ್ದಾಳಲ್ಲ."

ಆಮೇಲೆ ಎಲ್ಲರೂ ಇಳಿದರು. ಬಳಚು ಹೆಬ್ಬೆರಳಿನಷ್ಟು ದಪ್ಪವಾಗಿವೆ, ಈ ನಾಲ್ಕು ವರ್ಷದಲ್ಲಿ ಹೀಗೆ ಕಂಡಿದ್ದಿಲ್ಲ. ಸಾಹೇಬರು ಹೊರಡುವ ಮುಂಚೆ ಎಲ್ಲರೆದುರು ಹೇಳಿ ಹೋದರು: ಬೋಟಿಗೆ ಎಂದೆಂದಿಗೂ ಇಲ್ಲ, ಹೆಂಗಸರಿಗೆ ಬಾಣಂತನದ ತಿಂಗಳು ಬಿಟ್ಟು ಉಳಿದ ಕಾಲ ದಿಬ್ಬ ಉಂಟು, ನಾನು ಹಾಗೆಯೇ ಬರೆಯುತ್ತೇನೆ ಎಂದು. ಹೋಗುವಾಗ ಅವರಿಗೂ ಒಂದು ಬುಟ್ಟಿ ಕೊಟ್ಟೆವು. ತಿನ್ನುವುದಿಲ್ಲವಂತೆ, ಪಾಪ.

ಮುಂದಿನ ಯುಗಾದಿಗೆ ನೀನು ಬರಬಹುದೇ ಎಂದು ಶಾಂತಮ್ಮನನ್ನು ಕೇಳಿದೆ. ಅವಳು ಬುಟ್ಟಿಗೆ ಬಗ್ಗಿಕೊಂಡೇ ಏನೋ ಅಂದಳು. ಮುಖ ಕಾಣಲಿಲ್ಲ, ನನಗೆ ಕೇಳಲಿಲ್ಲ. ಇನ್ನೊಮ್ಮೆ ಕೇಳಲು ಧೈರ್ಯವಾಗಲಿಲ್ಲ.

ಸೀರೆಯನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ಪೆಟ್ಟಿಗೆಯಲ್ಲಿಡುವುದಿಲ್ಲ ಇನ್ನು. ಅಂಚಿನ ಕೆಸರು ತೊಳೆದಿಲ್ಲ.

ಲೀಲಮ್ಮ

*

ಮಯೂರ್ ವಿಹಾರ್
1 ಏಪ್ರಿಲ್ 2026

ಅತ್ತಿಗೆ,

ಪಾರ್ಸಲ್ ಬೆಳಿಗ್ಗೆ ಬಂತು. ಒಬ್ಬಳೇ ಇದ್ದೆ.

ಬಿಚ್ಚಿದ ಕೂಡಲೇ ವಾಸನೆ ಬಂತು. ಟೀವಿ ಆರಿಸಿದೆ. ಕೆಸರು ಒಣಗಿ ಬಿಳಿಚಿಕೊಂಡಿತ್ತು. ಹೊಸಿಲ ಹೊರಗೆ ನಿಂತು ಅಂಚನ್ನು ಉಜ್ಜಿದರೆ ಅಂಗೈಯಷ್ಟು ಪುಡಿ ಉದುರಿತು, ಅದರಲ್ಲಿ ಚಿಪ್ಪಿನ ಒಂದು ಚೂರೂ ಇತ್ತು. ಅರಿಶಿನದ ನೀರು ಚಿಮುಕಿಸಿ ಕಲಸಿದೆ. ಕಾಲಿಟ್ಟೆ. ನಾಲ್ಕು ಹೆಜ್ಜೆಗಷ್ಟೇ ಬಂತು, ನಾಲ್ಕನೆಯದರಲ್ಲಿ ಬೆರಳು ಮಾತ್ರ ಮೂಡಿದೆ.

ಎದುರು ಮನೆಯ ಪಂಜಾಬಿ ಹೆಂಗಸು ಬಾಗಿಲು ತೆರೆದು ನೋಡಿ, ಸಬ್ ಠೀಕ್ ಹೈ ನಾ ಎಂದು ಕೇಳಿದಳು. ಠೀಕ್ ಹೈ ಎಂದೆ. ಕೆಲಸದವಳು ಒರೆಸುವ ಬಟ್ಟೆ ತಂದಳು, ದೀಪ ಹಚ್ಚುವವರೆಗೆ ಬೇಡವೆಂದು ಕಳಿಸಿದೆ. ಸ್ಫೂರ್ತಿಗೆ ಫೋನು ಮಾಡಿದೆ. ಎತ್ತಲಿಲ್ಲ.

ಇವರಿಗೆ ನಾನು ಏನೂ ಹೇಳಿರಲಿಲ್ಲ. ಸಂಜೆ ಬಾಗಿಲು ತೆರೆದವರು ಹೊಸಿಲಲ್ಲೇ ನಿಂತರು. ಕೆಳಗೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬಗ್ಗಿ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಗೋಡೆಗೆ ಒತ್ತಿಕೊಂಡು, ಹೆಜ್ಜೆ ತುಳಿಯದೆ ಪಕ್ಕದಿಂದ ಒಳಗೆ ಬಂದರು.

ಈಗ ದೀಪ ಹಚ್ಚಬೇಕು. ಇನ್ನೂ ಹಚ್ಚಿಲ್ಲ.

ವಿಮಲಾ